ಮಗಳ ಮಣಿಕಟ್ಟಿಗೆ ತಕ್ಕ ಶಾಫ್ಟ್

ಮಗಳು ಗಾಲ್ಫ್ ಕ್ಲಬ್ಬನ್ನು ಕೆಳಗಿಟ್ಟ ರೀತಿಯಲ್ಲೇ ನನಗೆ ಗೊತ್ತಾಯಿತು. ಸಿಟ್ಟಿನಿಂದ ಎಸೆದಿದ್ದರೆ ನಾನು ಗಮನಿಸುತ್ತಲೇ ಇರಲಿಲ್ಲ. ಬಾಲ್ ಹೊಡೆದ ತಕ್ಷಣ ಎಡಗೈ ಬಿಟ್ಟಳು, ಬಲಗೈಯೊಂದರಲ್ಲೇ ಹಿಡಿದು ಮೆಲ್ಲಗೆ ಮರಳಿನ ಮೇಲೆ ಮಲಗಿಸಿದಳು. ಆಮೇಲೆ ಎಡಗೈಯನ್ನು ಜೇಬಿಗೆ ತುರುಕಿಕೊಂಡು ಬಾಲ್ ಎಲ್ಲಿ ಬಿತ್ತೆಂದು ನೋಡುವವಳ ಹಾಗೆ ದೂರಕ್ಕೆ ಕಣ್ಣು ಹಾಯಿಸಿ ನಿಂತಳು. ಬಾಲ್ ಬಲಕ್ಕೆ ಹೋಗಿತ್ತು. ಆ ಬೆಳಿಗ್ಗೆ ಅವಳು ಹೊಡೆದ ಬಾಲ್‌ಗಳೆಲ್ಲ ತಗ್ಗಾಗಿ ಹಾರಿ ಬಲಕ್ಕೇ ಹೋಗುತ್ತಿದ್ದವು.

ನಾನು ಈ ಅರಬ್ ದೇಶದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ನೋವು ಮುಚ್ಚಿಡುವವರನ್ನು ದಿನಾ ನೋಡುತ್ತೇನೆ. ವೀಸಾ ಕೈಯಲ್ಲಿಟ್ಟುಕೊಂಡಿರುವ ಕಫೀಲ್‌ಗೆ ಗೊತ್ತಾದರೆ ಕೆಲಸ ಹೋದೀತೆಂದು ಹೆದರುವ ಡ್ರೈವರ್‌ಗಳು, ಊರಿಗೆ ಹೋಗುವ ಟಿಕೆಟ್ಟು ಹತ್ತಿರ ಬಂದಿದೆಯೆಂದು ಸೊಂಟದ ನೋವನ್ನು ನುಂಗಿಕೊಳ್ಳುವ ನರ್ಸ್‌ಗಳು. ಅವರ ಕಳ್ಳಾಟ ನನಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ನನ್ನ ಮನೆಯಲ್ಲೇ ಒಬ್ಬಳು ಎಷ್ಟು ದಿನದಿಂದ ಹೀಗೆ ಜೇಬಿಗೆ ಕೈ ಹಾಕಿಕೊಂಡು ಓಡಾಡುತ್ತಿದ್ದಳೋ!

"ಕೈ ತೋರ್ಸು," ಅಂದೆ.

"ನಥಿಂಗ್ ಅಮ್ಮ. ಜಸ್ಟ್ ಟೈರ್ಡ್."

"ಸೊಂಟ ತಡವಾಗಿ ತಿರುಗ್ತಿದೆ ಪುಟ್ಟಿ, ಅದಕ್ಕೇ ಬಲಕ್ಕೆ ಹೋಗೋದು," ಎಂದು ಅವಳ ಅಪ್ಪ ಆ ಕಡೆಯಿಂದ ಕೂಗಿ ಹೇಳಿದರು.

ಅಹ್ಮದಿ ಕಡೆಯ ಆ ಮೈದಾನದಲ್ಲಿ ಹುಲ್ಲು ಎನ್ನುವುದೇ ಇಲ್ಲ. ಎಲ್ಲವೂ ಮರಳು. ಕುಳಿಯ ಸುತ್ತ ಮಾತ್ರ ಎಣ್ಣೆ ಬೆರೆಸಿ ಗಟ್ಟಿ ಮಾಡಿದ ಕಂದು ಮರಳು. ಆಡುವವರು ಒಂದಡಿ ಅಗಲದ ಪ್ಲಾಸ್ಟಿಕ್ ಹುಲ್ಲಿನ ಚಾಪೆಯೊಂದನ್ನು ಜೊತೆಯಲ್ಲೇ ಒಯ್ಯುತ್ತಾರೆ. ಬಾಲ್ ಎಲ್ಲಿ ಬೀಳುತ್ತದೋ ಅಲ್ಲಿ ಚಾಪೆ ಹಾಸಿ, ಅದರ ಮೇಲೆ ಬಾಲ್ ಇಟ್ಟು ಹೊಡೆಯಬೇಕು. ನನ್ನ ಗಂಡ ಶುಐಬಾದ ಪೆಟ್ರೋಕೆಮಿಕಲ್ ಪ್ಲಾಂಟಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಮದುವೆಗೆ ಮುಂಚೆ, ಒಂಟಿಯಾಗಿದ್ದ ಕಾಲದಲ್ಲಿ, ರಜೆಯ ಶುಕ್ರವಾರಗಳು ಕಳೆಯದೆ ಈ ಆಟ ಕಲಿತರಂತೆ. ಮಗಳು ಏಳೆಂಟು ವರ್ಷದವಳಿದ್ದಾಗ ಅಪ್ಪನ ಹಿಂದೆ ಚಾಪೆ ಹೊತ್ತುಕೊಂಡು ಹೋಗುತ್ತಿದ್ದಳು. ಈಗ ಅವಳಿಗೆ ಹದಿನಾಲ್ಕು, ಅಪ್ಪನಿಗಿಂತ ಚೆನ್ನಾಗಿ ಆಡುತ್ತಾಳೆ. ಅದನ್ನು ಅವರೇ ಎಲ್ಲರ ಮುಂದೆ ಹೇಳಿಕೊಂಡು ಖುಷಿಪಡುತ್ತಾರೆ. ನಾನು ನೀರಿನ ಬಾಟಲಿ, ಟೋಪಿ, ಖರ್ಜೂರ ಹಿಡಿದು ಜೊತೆಗೆ ನಡೆಯುವವಳು. ಆಟದ ಲೆಕ್ಕ ನನಗೆ ಈಗಲೂ ಪೂರ್ತಿ ಅರ್ಥವಾಗಿಲ್ಲ.

ಮಂಗಾಫ್‌ನ ನಮ್ಮ ಮನೆಗೆ ಬಂದ ಮೇಲೆ ಊಟದ ಮೇಜಿನ ಮುಂದೆ ಕೂರಿಸಿ ಅವಳ ಕೈ ನೋಡಿದೆ. ಎಡ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಮುಟ್ಟಿದರೆ ಬೆಚ್ಚಗಿತ್ತು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿ ಕೈಯನ್ನು ಕೆಳಕ್ಕೆ ಬಾಗಿಸಿದಾಗ ಅವಳ ಕಣ್ಣಲ್ಲಿ ನೀರು ಬಂತು. ಬಾಯಿ ಮಾತ್ರ ಬಿಡಲಿಲ್ಲ.

"ಯಾವಾಗಿಂದ?"

"ಬೇಸಿಗೆ ರಜೆ ಮುಗಿದಾಗಿಂದ. ಪ್ಲೀಸ್ ಅಮ್ಮ, ಡೋಂಟ್ ಸ್ಟಾಪ್ ಮಿ. ಚಳಿಗಾಲದಲ್ಲಿ ಸೆಲೆಕ್ಷನ್ ಇದೆ."

ಅದು ಜೂನಿಯರ್ ಹುಡುಗಿಯರ ತಂಡದ ಆಯ್ಕೆ. ತಂಡಕ್ಕೆ ಸೇರಿದರೆ ಪಕ್ಕದ ದೇಶಕ್ಕೆ ಹೋಗಿ ಆಡಬಹುದು. ಒಂದು ವರ್ಷದಿಂದ ಅವಳು ಅದನ್ನೇ ಜಪಿಸುತ್ತಿದ್ದಳು. "ನಿಲ್ಲಿಸಲ್ಲ," ಅಂದೆ, "ಆದ್ರೆ ಇದು ಯಾಕೆ ಬಂತು ಅಂತ ಗೊತ್ತಾಗೋವರೆಗೆ ಹೊಡೆಯೋದು ಬೇಡ. ನಿನ್ನ ಕ್ಲಬ್ ತಗೊಂಡು ಬಾ."

ಅವಳು ತಂದ, ಐರನ್ ಎನ್ನುವ ಲೋಹದ ತಲೆಯ ಏಳನೇ ನಂಬರಿನ ಕ್ಲಬ್ಬನ್ನು ಅಂದು ಮೊದಲ ಸಲ ಸರಿಯಾಗಿ ಕೈಯಲ್ಲಿ ಹಿಡಿದು ನೋಡಿದೆ. ಹಿಡಿಕೆಗೂ ತಲೆಗೂ ನಡುವಿನ ಕೋಲನ್ನು ಶಾಫ್ಟ್ ಅನ್ನುತ್ತಾರೆ. ಅವಳದ್ದು ಸ್ಟೀಲ್ ಶಾಫ್ಟ್, ಅಪ್ಪನ ಹಳೆಯ ಸೆಟ್ಟಿನದ್ದು. ಅವಳಿಗೆ ಹನ್ನೆರಡಾದಾಗ ಅವಳ ಎತ್ತರಕ್ಕೆ ಆಗಲೆಂದು ಅವರೇ ಅದನ್ನೆಲ್ಲ ಗಿಡ್ಡ ಮಾಡಿಸಿ, ಹೊಸ ಹಿಡಿಕೆ ಹಾಕಿಸಿ, ಹುಟ್ಟುಹಬ್ಬಕ್ಕೆ ಕೊಟ್ಟಿದ್ದರು. ಆಮೇಲೆ ಅವಳು ನನ್ನನ್ನು ಮೀರಿ ಬೆಳೆದಳು, ಕ್ಲಬ್ ಅಷ್ಟೇ ಉಳಿಯಿತು. "ನಿಂತ್ಕೊ, ಹೊಡೆಯೋ ಹಾಗೆ ನಿಂತ್ಕೊ," ಅಂದೆ. ನಿಂತಳು. ಗಿಡ್ಡ ಕೋಲನ್ನು ನೆಲಕ್ಕೆ ಮುಟ್ಟಿಸಲು ಬೆನ್ನು ಬಗ್ಗಿಸಿ, ಮಣಿಕಟ್ಟನ್ನು ಒಳಕ್ಕೆ ಮುರಿದುಕೊಂಡು ನಿಂತಿದ್ದಳು. ಅಷ್ಟು ಭಾರದ ಗಡಸು ಸ್ಟೀಲನ್ನು ಹಾಗೆ ನಿಂತು ಬೀಸಿ, ಮರಳಿನ ಮೇಲಿನ ಚಾಪೆಗೆ ಬಡಿದರೆ ಆ ಪೆಟ್ಟೆಲ್ಲ ಹೋಗಿ ಕೂರುವುದೆಲ್ಲಿ?

"ರೀ, ಈ ಕ್ಲಬ್ ಬದಲಾಯಿಸ್ಬೇಕು," ಎಂದು ಗಂಡನಿಗೆ ಹೇಳಿದೆ.

ಅವರು ಟೀ ಕುಡಿಯುತ್ತಿದ್ದರು. "ಉದ್ದ ಬೇಕಾದ್ರೆ ಹೆಚ್ಚಿಸೋಣ. ಶಾಫ್ಟ್ ಮಾತ್ರ ಒಳ್ಳೇದು ಕಣೆ. ಮೆತ್ತಗೆ ಬಗ್ಗೋ ಶಾಫ್ಟ್ ಹಾಕಿದ್ರೆ ಬಾಲ್ ದಿಕ್ಕುದೆಸೆ ಇಲ್ಲದೆ ಹೋಗುತ್ತೆ. ದೊಡ್ಡ ಆಟಗಾರರೆಲ್ಲ ಗಟ್ಟಿ ಶಾಫ್ಟಲ್ಲೇ ಆಡೋದು."

"ಅವ್ಳು ದೊಡ್ಡ ಆಟಗಾರ್ತಿ ಅಲ್ಲ. ಹದಿನಾಲ್ಕು ವರ್ಷದ ಹುಡುಗಿ."

"ಅಮ್ಮಾ, ನನಗೂ ಗಟ್ಟಿದೇ ಬೇಕು," ಅಂದಳು ಮಗಳು. "ಹುಡುಗರೆಲ್ಲ ಸ್ಟೀಲ್ ಸ್ಟಿಫ್ ಆಡ್ತಾರೆ."

ಇಬ್ಬರೂ ಒಂದಾದರು. ನಮ್ಮ ಮನೆಯಲ್ಲಿ ಗಾಲ್ಫಿನ ವಿಷಯದಲ್ಲಿ ಇದೇನು ಹೊಸದಲ್ಲ. ಆದರೆ ಈ ಸಲ ನನಗೆ ಬಿಡುವ ಮನಸ್ಸಿರಲಿಲ್ಲ. ಕೈ ನನ್ನ ವಿಷಯ. ಅದರಲ್ಲಿ ಇವರಿಬ್ಬರಿಗಿಂತ ನನಗೆ ಹೆಚ್ಚು ಗೊತ್ತು.

"ಒಂದು ಪ್ರಶ್ನೆ ಕೇಳ್ತೀನಿ, ಎಂಜಿನಿಯರ್ ಆಗಿ ಉತ್ತರ ಹೇಳಿ," ಅಂದೆ. "ಒಂದು ಕಡೆ ಬಿಗಿಯಾಗಿ ಹಿಡಿದಿರೋ ಕೋಲನ್ನ ಗಿಡ್ಡ ಮಾಡಿದ್ರೆ ಅದು ಮೊದಲಿನಷ್ಟೇ ಬಗ್ಗುತ್ತಾ?"

ಅವರು ಟೀ ಅರ್ಧಕ್ಕೇ ಬಿಟ್ಟು ಲೋಟವನ್ನು ಕೆಳಗಿಟ್ಟರು. ಉತ್ತರ ಅವರಿಗೆ ಗೊತ್ತಿತ್ತು; ದಿನಾ ಪೈಪು, ತೊಲೆಗಳ ಲೆಕ್ಕ ಹಾಕುವವರು. ಆದರೆ ಮಗಳ ಹುಟ್ಟುಹಬ್ಬದ ಉಡುಗೊರೆಗೆ ಆ ಲೆಕ್ಕ ಅನ್ವಯಿಸಬಹುದೆಂದು ಅವರಿಗೆ ಯಾವತ್ತೂ ಹೊಳೆದಿರಲಿಲ್ಲ.

ಎದ್ದು ಹೋಗಿ ಬಾಲ್ಕನಿಯ ಪೆಟ್ಟಿಗೆಯಿಂದ ಒಂದು ಕ್ಲಾಂಪ್ ತಂದರು. ಅದೇ ಹಳೆಯ ಸೆಟ್ಟಿನಲ್ಲಿ, ಹುಡುಗಿಗೆ ಬೇಡವೆಂದು ಕತ್ತರಿಸದೆ ಬಿಟ್ಟಿದ್ದ ಒಂದು ಉದ್ದನೆಯ ಐರನ್ ಇತ್ತು. ಅದರ ಹಿಡಿಕೆಯನ್ನು ಮೇಜಿನ ಅಂಚಿಗೆ ಬಿಗಿದು, ತಲೆಯ ಹತ್ತಿರ ನೀರು ತುಂಬಿದ ದೊಡ್ಡ ಬಾಟಲಿಯನ್ನು ತೂಗುಹಾಕಿದರು. ಶಾಫ್ಟ್ ಕಣ್ಣಿಗೆ ಕಾಣುವಷ್ಟು ಬಾಗಿತು. ಆಮೇಲೆ ಮಗಳ ಗಿಡ್ಡ ಐರನ್ನನ್ನು ಹಾಗೆಯೇ ಬಿಗಿದು, ಅದೇ ಬಾಟಲಿ ತೂಗುಹಾಕಿದರು. ಅದು ಬಾಗಿದಂತೆಯೇ ಕಾಣಲಿಲ್ಲ.

"ಎರಡೂ ಬೇರೆ ಬೇರೆ ನಂಬರಿನ ಕ್ಲಬ್ಬು. ಹೋಲಿಕೆ ಪೂರ್ತಿ ಸರಿ ಅಲ್ಲ," ಎಂದು ತಮಗೇ ಹೇಳಿಕೊಂಡರು. ಬಾಟಲಿಯನ್ನು ತೆಗೆದು ಇನ್ನೊಂದು ಸಲ ತೂಗುಹಾಕಿದರು. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಮಗಳೂ ಅವರ ಪಕ್ಕದಲ್ಲಿ ಬಗ್ಗಿ ನೋಡಿದಳು.

"ಅಪ್ಪಾ, ಮೈನ್ ಇಸ್ ಲೈಕ್ ಎ ರಾಡ್."

"ಹೂಂ," ಅಂದರು ಅವರು. ಬಾಟಲಿಯನ್ನು ಬಿಚ್ಚಿ ಕೆಳಗಿಟ್ಟರು. "ಕಬ್ಬಿಣದ ಸಲಾಕೆ ಕೊಟ್ಟು ಸೊಂಟ ತಿರುಗ್ಸು ಅಂತಿದ್ದೆ ನಾನು."

ಅದಾದ ಮೇಲೆ ಈ ಮಾತನ್ನು ಅವರು ನನಗಿಂತ ಹೆಚ್ಚು ಗಟ್ಟಿಯಾಗಿ ಹಿಡಿದರು. ಊಟಕ್ಕೆ ಕೂತರೂ ಶಾಫ್ಟ್, ಶುಐಬಾದಿಂದ ಫೋನ್ ಮಾಡಿದರೂ ಶಾಫ್ಟ್.

ಮಗಳ ಕೈಗೆ ನಾನು ವಿಶ್ರಾಂತಿ ಕೊಟ್ಟೆ. ಮಣಿಕಟ್ಟಿಗೆ ಪಟ್ಟಿ, ಐಸು, ನೋವಿಳಿದ ಮೇಲೆ ಮೆಲ್ಲಗೆ ವ್ಯಾಯಾಮ. ಒಂದು ಬಕೆಟ್ಟಿಗೆ ಅಕ್ಕಿ ಸುರಿದು, ಅದರೊಳಗೆ ಕೈ ಹುಗಿದು ಮುಷ್ಟಿ ಕಟ್ಟುವುದು, ಬಿಚ್ಚುವುದು, ತಿರುಗಿಸುವುದು. ಶಾಲೆಯಿಂದ ಬಂದವಳೇ ಬಕೆಟ್ಟಿನ ಮುಂದೆ ಕೂರುತ್ತಿದ್ದಳು. ಮುಖ ಊದಿಸಿಕೊಂಡೇ ಇರುತ್ತಿದ್ದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಹಾಲಿನ ಕಾರ್ಪೆಟ್ಟಿನ ಮೇಲೆ ಲೋಟ ಮಲಗಿಸಿ ಬಾಲನ್ನು ಅದರೊಳಗೆ ತಳ್ಳುವುದಕ್ಕೆ ಮಾತ್ರ ನನ್ನ ಅನುಮತಿ ಇತ್ತು. ಅದನ್ನೇ ಗಂಟೆಗಟ್ಟಲೆ ಮಾಡಿದಳು. ಕೆಳಗಿನ ಮನೆಯವರು ಒಮ್ಮೆ ಬಂದು ಇದೇನು ಶಬ್ದವೆಂದು ಕೇಳಿದರು.

ಕೈ ಬಿಸಿ ಇಳಿದು, ಬಾಗಿಸಿದರೂ ನೋಯದ ಹಾಗಾದ ಮೇಲೆ ಒಂದು ಶನಿವಾರ ಮೂವರೂ ನಗರದ ಶರ್ಕ್ ಕಡೆಗೆ ಹೋದೆವು. ಅಲ್ಲಿ ಒಂದು ಆಫೀಸು ಕಟ್ಟಡದ ಕೆಳಗಡೆ, ದೊಡ್ಡ ಪರದೆಗೆ ಬಾಲ್ ಹೊಡೆದು ನೋಡುವ ಹಾಲ್ ಇದೆ. ಹೊಡೆದ ಬಾಲ್ ನಿಜವಾದ ಮೈದಾನದಲ್ಲಾದರೆ ಎಷ್ಟು ಮೇಲೆ, ಎಷ್ಟು ದೂರ, ಯಾವ ಕಡೆ ಹೋಗುತ್ತಿತ್ತೆಂದು ಪರದೆಯೇ ತೋರಿಸುತ್ತದೆ. ಆಡುವವರಿಗೆ ತಕ್ಕ ಕ್ಲಬ್ ಆರಿಸಿ ಹೊಂದಿಸಿಕೊಡುವ ಅಲ್ಲಿನ ತಜ್ಞ ಈಜಿಪ್ಟಿನವರು, ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ. ಮರ್ಯಾದಸ್ಥರು, ಆದರೆ ಏನು ಹೇಳಿದರೂ ನನ್ನ ಗಂಡನ ಕಡೆ ನೋಡಿಯೇ ಹೇಳುತ್ತಿದ್ದರು.

"ಹುಡುಗಿ ಅಲ್ಲವೇ? ಇದು," ಎಂದು ಇಂಗ್ಲಿಷಿನಲ್ಲಿ ಹೇಳಿ ಒಂದು ಕ್ಲಬ್ ತೆಗೆದುಕೊಟ್ಟರು. ಶಾಫ್ಟಿನ ಮೇಲೆ ಗುಲಾಬಿ ಬಣ್ಣದ ಬಳ್ಳಿ, ಅದರ ಕೆಳಗೆ ಹೆಂಗಸರದ್ದು ಎನ್ನುವ ಅಕ್ಷರ. ಮಗಳು ಅದನ್ನು ಮುಟ್ಟಲಿಲ್ಲ.

"ನೋ," ಅಂದಳು.

"ಒಂದ್ಸಲ ಹೊಡೆದು ನೋಡು," ಅಂದೆ.

ಹೊಡೆದಳು. ಬಾಲ್ ಪರದೆಯಲ್ಲಿ ಗಾಳಿಪಟದ ಹಾಗೆ ಮೇಲೇರಿ ಎಡಕ್ಕೆ ಹೋಗಿ ಬಿತ್ತು. ಇನ್ನೊಂದು ಹೊಡೆತ, ಮತ್ತೂ ಎಡಕ್ಕೆ. ಅವಳ ಮುಖದಲ್ಲಿ 'ನಾನು ಹೇಳಲಿಲ್ವಾ' ಎನ್ನುವ ಗೆಲುವು. ಹೋಗಿ ತಾನೇ ಗೋಡೆಯಿಂದ ಸ್ಟೀಲಿನ ಸ್ಟಿಫ್ ಶಾಫ್ಟಿನ ಕ್ಲಬ್ ತೆಗೆದುಕೊಂಡಳು. ಅದರಲ್ಲಿ ಮೊದಲ ಹೊಡೆತ ಚೆನ್ನಾಗಿ ಹೋಯಿತು. ಎರಡನೆಯದು ತಗ್ಗಾಗಿ ಬಲಕ್ಕೆ. ಮೂರನೆಯದು ಇನ್ನೂ ಬಲಕ್ಕೆ.

"ಈಗ ಸ್ವಲ್ಪ ಕಷ್ಟ," ಎಂದು ತಜ್ಞರು ನನ್ನ ಗಂಡನಿಗೆ ಹೇಳಿದರು, "ಆದರೆ ಬೆಳೆಯುವ ವಯಸ್ಸು. ಗಟ್ಟಿಯದೇ ತೆಗೆದುಕೊಳ್ಳಿ. ಒಂದೆರಡು ವರ್ಷದಲ್ಲಿ ಅದಕ್ಕೆ ಸರಿಹೋಗುತ್ತಾಳೆ."

ಶಾಲೆಯ ಶೂ ಕೊಳ್ಳುವಾಗ ಅಂಗಡಿಯವರು ಹೇಳುವ ಮಾತಿನ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. "ಸರ್, ಅವಳು ಆಡೋದು ಎರಡು ವರ್ಷ ಬಿಟ್ಟು ಬರೋ ಕೈಯಿಂದಲ್ಲ, ಇವತ್ತಿನ ಕೈಯಿಂದ. ನಾನು ಫಿಸಿಯೋಥೆರಪಿಸ್ಟ್. ಆ ಕೈ ಈಗಷ್ಟೇ ವಾಸಿಯಾಗಿದೆ. ಇವೆರಡರ ನಡುವೆ ಇರೋದನ್ನೆಲ್ಲ ದಯವಿಟ್ಟು ತೆಗೀರಿ," ಅಂದೆ.

ಅವರು ಮೊದಲ ಸಲ ನನ್ನ ಕಡೆ ತಿರುಗಿ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ತೋಳಿನ ತುಂಬ ಶಾಫ್ಟ್‌ಗಳನ್ನು ತಂದರು. ಒಂದೇ ತಲೆಗೆ ಬೇರೆ ಬೇರೆ ಶಾಫ್ಟ್ ತಿರುಗಿಸಿ ಕೂರಿಸುವ ಏರ್ಪಾಡು ಅಲ್ಲಿತ್ತು. ಹಗುರ ಸ್ಟೀಲು, ಇಂಗಾಲದ ನಾರಿನಿಂದ ಮಾಡಿದ ಭಾರದ ಗ್ರಾಫೈಟು, ಹಗುರ ಗ್ರಾಫೈಟು. ಪ್ರತಿಯೊಂದರ ಮೇಲೂ ಅದೆಷ್ಟು ಬಾಗುತ್ತದೆಂದು ಹೇಳುವ ಅಕ್ಷರ. "ಈ ಅಕ್ಷರಗಳನ್ನು ಪೂರ್ತಿ ನಂಬಬೇಡಿ," ಎಂದು ಅವರೇ ಹೇಳಿದರು. "ಒಂದು ಕಂಪನಿಯ ರೆಗ್ಯುಲರ್ ಇನ್ನೊಂದು ಕಂಪನಿಯ ಸ್ಟಿಫ್‌ನಷ್ಟು ಗಟ್ಟಿ ಇರುತ್ತದೆ. ಎಲ್ಲರಿಗೂ ಒಂದೇ ಅಳತೆ ಅಂತ ಇಲ್ಲ."

ಮಗಳು ಮಾತ್ರ ಪ್ರತಿ ಶಾಫ್ಟ್ ಎತ್ತಿಕೊಂಡಾಗಲೂ ಮೊದಲು ಆ ಅಕ್ಷರವನ್ನೇ ಹುಡುಕುತ್ತಿದ್ದಳು. ಮೆತ್ತಗಿನದು ಅಂತ ಓದಿದರೆ ಹೊಡೆಯುವ ಮುಂಚೆಯೇ ಮುಖ ಸಿಂಡರಿಸುತ್ತಿದ್ದಳು. ನನಗೆ ನನ್ನ ರೋಗಿಗಳು ನೆನಪಾದರು. ವ್ಯಾಯಾಮಕ್ಕೆ ಕೊಡುವ ರಬ್ಬರ್ ಪಟ್ಟಿಗಳಿಗೆ ಬಣ್ಣ ಇರುತ್ತದೆ, ಯಾವ ಬಣ್ಣ ಬಿಗಿ, ಯಾವುದು ಸಡಿಲ ಎಂದು ಅವರಿಗೆ ಬೇಗ ಗೊತ್ತಾಗಿಬಿಡುತ್ತದೆ. ಆಮೇಲೆ ಬಿಗಿಯ ಬಣ್ಣ ಕಂಡರೆ ಎಳೆಯುವ ಮುಂಚೆಯೇ ನರಳುತ್ತಾರೆ. ಹಾಗಾಗಿ ಕೆಲವರಿಗೆ ಕಣ್ಣು ಮುಚ್ಚಿಸಿ ಕೊಡುತ್ತೇನೆ.

ಕೈಚೀಲದಲ್ಲಿ ಬಟ್ಟೆಯ ಅಂಟುಪಟ್ಟಿ ಸದಾ ಇರುತ್ತದೆ. ತೆಗೆದು ತಜ್ಞರ ಕೈಗೆ ಕೊಟ್ಟೆ. "ಅಕ್ಷರ, ಬಣ್ಣ ಎರಡೂ ಕಾಣದ ಹಾಗೆ ಎಲ್ಲದಕ್ಕೂ ಇದನ್ನ ಸುತ್ತಿಬಿಡಿ. ಯಾವುದು ಯಾವುದು ಅಂತ ನಿಮಗೊಬ್ಬರಿಗೇ ಗೊತ್ತಿರಲಿ."

"ಅಮ್ಮಾ! ಸೀರಿಯಸ್ಲಿ?"

"ಹೌದು. ಗಟ್ಟಿದೇ ನಿನಗೆ ಸರಿ ಅಂತಿದ್ರೆ ಗಟ್ಟಿದೇ ಗೆಲ್ಲುತ್ತೆ ಬಿಡು. ಹೆದರಿಕೆ ಯಾಕೆ?"

ಹೆದರಿಕೆ ಎನ್ನುವ ಮಾತು ಅವಳಿಗೆ ತಾಗಿತು. "ಫೈನ್," ಅಂದಳು. ನನ್ನ ಗಂಡ ನಗು ತಡೆದುಕೊಂಡು ಪರದೆಯ ಪಕ್ಕದ ಕುರ್ಚಿಗೆ ಹೋಗಿ ಕೂತರು.

ಇನ್ನೊಂದು ಷರತ್ತನ್ನೂ ಹಾಕಿದೆ. ಮೈದಾನದಲ್ಲಿ ಅವಳ ಆಟ ಕೆಡುತ್ತಿದ್ದದ್ದು ಕೊನೆಯ ಭಾಗದಲ್ಲಿ, ದಣಿದ ಮೇಲೆ. ಉತ್ಸಾಹದಿಂದ ಹೊಡೆದ ಮೊದಲ ನಾಲ್ಕು ಬಾಲ್ ನೋಡಿ ಆರಿಸುವುದಾದರೆ ಅವಳು ಯಾವುದನ್ನು ಬೇಕಾದರೂ ಹೊಡೆದು ತೋರಿಸುತ್ತಾಳೆ. ಹಾಗಾಗಿ ಮೊದಲು ಒಂದು ಸುತ್ತು ಎಲ್ಲವನ್ನೂ ಹೊಡೆಯಲಿ, ಚೆನ್ನಾಗಿ ದಣಿಯಲಿ, ಆಮೇಲೆ ಇನ್ನೊಂದು ಸುತ್ತು. ಆ ಎರಡನೆಯ ಸುತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ ಅಂದೆ. ತಜ್ಞರು ಗಡಿಯಾರ ನೋಡಿಕೊಂಡರು. ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲ. "ಯಲ್ಲಾ, ಶುರುಮಾಡೋಣ," ಎಂದು ಅಂಗಿಯ ತೋಳು ಮಡಚಿದರು.

ಮಗಳು ಹೊಡೆಯುತ್ತ ಹೋದಳು. ತಜ್ಞರು ಒಂದೊಂದೇ ಶಾಫ್ಟ್ ಬದಲಾಯಿಸಿ ಕೊಡುತ್ತಿದ್ದರು. ನಡುವೆ ಒಮ್ಮೊಮ್ಮೆ ನಾನು ಹೋಗಿ ಮಣಿಕಟ್ಟು ಒತ್ತಿ ನೋಡಿ ಬರುತ್ತಿದ್ದೆ. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ಅವಳ ಕುತ್ತಿಗೆ ಬೆವೆತಿತ್ತು, ಮಾತು ನಿಂತಿತ್ತು. ಒಂದು ಶಾಫ್ಟ್ ಕೊಟ್ಟಾಗ ಎರಡೇ ಹೊಡೆತಕ್ಕೆ ತಲೆಯಾಡಿಸಿ ವಾಪಸು ಕೊಟ್ಟಳು. "ದಿಸ್ ಒನ್ ಹರ್ಟ್ಸ್." ಪಟ್ಟಿಯ ಕೆಳಗಿದ್ದದ್ದು ಅವಳು ಆಸೆಪಟ್ಟ ಸ್ಟೀಲ್ ಸ್ಟಿಫ್ ಎಂದು ತಜ್ಞರ ಹುಬ್ಬಿನಲ್ಲೇ ನನಗೆ ತಿಳಿಯಿತು. ನನ್ನ ಗಂಡ ಕುರ್ಚಿ ಬಿಟ್ಟು ಎದ್ದು ಪರದೆಯ ಹತ್ತಿರ ಬಂದರು.

ಆಮೇಲೆ ಒಂದು ಶಾಫ್ಟ್ ಬಂತು. ಮೊದಲ ಹೊಡೆತದ ಸದ್ದೇ ಬೇರೆ. ಬಾಲ್ ನೇರವಾಗಿ ಹೋಯಿತು, ಮೇಲೇರಬೇಕಾದಷ್ಟೇ ಏರಿ ಇಳಿಯಿತು. ಅವಳು ಇನ್ನೊಂದು ಬಾಲ್ ಇಟ್ಟುಕೊಂಡಳು. ಅದೂ ಅದರ ಪಕ್ಕದಲ್ಲೇ ಬಿತ್ತು. ಮತ್ತೊಂದು. ಮತ್ತೊಂದು. ಬಾಲ್ ಇಡುವುದನ್ನು ಅವಳು ನಿಲ್ಲಿಸಲೇ ಇಲ್ಲ. ದಣಿದ ಹುಡುಗಿ ಅಂತ ಯಾರೂ ಹೇಳುವ ಹಾಗಿರಲಿಲ್ಲ.

"ಇದು," ಅಂದಳು. ಕನ್ನಡದಲ್ಲೇ ಅಂದಳು. "ಇದು ನಂದು."

ತಜ್ಞರು ಪಟ್ಟಿ ಬಿಚ್ಚಿದರು. ಹಗುರ ಗ್ರಾಫೈಟು. ಮೇಲಿದ್ದ ಅಕ್ಷರ ಓದಿ ಅವಳು ಕಣ್ಣು ಕಿರಿದು ಮಾಡಿದಳು. "ವಾಟ್ ಡಸ್ 'ಎ' ಮೀನ್?"

ಅವರು ಹೇಳಿದರು, "ಸೀನಿಯರ್. ವಯಸ್ಸಾದ ಗಂಡಸರಿಗೆ ಅಂತ ಮಾಡಿದ್ದು."

"ಅಜ್ಜಂದಿರ ಶಾಫ್ಟಾ?"

ನನ್ನ ಗಂಡ ಅಷ್ಟು ಹೊತ್ತಿನಿಂದ ತಡೆದಿದ್ದ ನಗು ಒಡೆಯಿತು. ತಜ್ಞರೂ ನಕ್ಕರು. ಮಗಳು ನಮ್ಮೆಲ್ಲರ ಮುಖವನ್ನೂ ನೋಡಿ, ಕ್ಲಬ್ಬನ್ನು ನೋಡಿ, ಮತ್ತೆ ಪರದೆಯ ಮೇಲೆ ಒಂದರ ಪಕ್ಕ ಒಂದರಂತೆ ಬಿದ್ದಿದ್ದ ಬಾಲ್‌ಗಳ ಗುರುತನ್ನು ನೋಡಿದಳು. ಅವಳು ನಗಲಿಲ್ಲ. "ಓಕೆ," ಅಂದಳು. "ಐರನ್‌ಗಳಿಗೆಲ್ಲ ಇದೇ ಹಾಕಿ." ಆ ಕ್ಷಣ ಅವಳ ಮೇಲೆ ನನಗೆ ಹುಟ್ಟಿದ ಗೌರವ, ಅವಳು ಮುಂದೆ ಗೆದ್ದ ಯಾವುದರಿಂದಲೂ ಹೆಚ್ಚಾಗಿಲ್ಲ.

ದೂರ ಹೊಡೆಯುವ ಡ್ರೈವರ್ ಕ್ಲಬ್ಬಿಗೆ ಮಾತ್ರ ರೆಗ್ಯುಲರ್ ಸರಿಹೋಯಿತು, ಅದನ್ನೂ ಹಾಗೆಯೇ ಪಟ್ಟಿ ಸುತ್ತಿ, ದಣಿಸಿ ನೋಡಿದ ಮೇಲೆ. ಅವಳು ಇನ್ನೂ ಬೆಳೆದರೆ ಹಿಡಿಕೆಯ ಕಡೆಯಿಂದ ಒಂದು ತುಂಡು ಸೇರಿಸಿ ಉದ್ದ ಮಾಡಿಕೊಡುತ್ತೇನೆಂದು ತಜ್ಞರು ಹೇಳಿದರು. ಹೇಳಿದ್ದು ನನಗೆ, ನನ್ನ ಮುಖ ನೋಡಿಯೇ.

ಹೊಸ ಕ್ಲಬ್ ಬಂದ ಮೊದಲ ವಾರಗಳು ಚೆನ್ನಾಗಿರಲಿಲ್ಲ. ಭಾರದ ಸಲಾಕೆಯನ್ನು ತಿರುಗಿಸಲು ಅವಳ ಕೈ ಕಲಿತಿದ್ದ ಬಲವಂತ ಹಗುರ ಶಾಫ್ಟಿಗೆ ಹೆಚ್ಚಾಗುತ್ತಿತ್ತು. ಇಷ್ಟು ದಿನ ಬಲಕ್ಕೆ ಹೋಗುತ್ತಿದ್ದ ಬಾಲ್ ಈಗ ಎಡಕ್ಕೆ ಹೋಗಿ ಮುಳ್ಳುಪೊದೆ ಸೇರುತ್ತಿತ್ತು. ಒಂದು ಶುಕ್ರವಾರ ಧೂಳು ಎದ್ದು, ದೂರದ ಕಾರ್ಖಾನೆಗಳ ಚಿಮಣಿಗಳೂ ಕಾಣದ ಹಾಗೆ ಆಕಾಶ ಮಂಕಾಗಿತ್ತು. ಅಲ್ಲಿ ಆಡುತ್ತಿದ್ದ ಒಬ್ಬ ಹುಡುಗನ ತಂದೆ ಅವಳ ಕ್ಲಬ್ ತೆಗೆದು ನೋಡಿ, "ಸೀನಿಯರ್ ಶಾಫ್ಟಾ? ಇದ್ಯಾಕೆ ಮಗೂ, ನಮ್ಮ ಬಾಸ್ ಇಂಥದ್ದರಲ್ಲಿ ಆಡೋದು," ಎಂದು ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ನಕ್ಕರು.

ಮಗಳ ಕಿವಿ ಕೆಂಪಾಯಿತು. ನಾನು ಏನಾದರೂ ಅನ್ನಬೇಕೆಂದು ಹೆಜ್ಜೆ ಮುಂದಿಟ್ಟೆ. ನನ್ನ ಗಂಡ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು.

"ಬಾಲ್‌ಗೆ ಓದೋಕೆ ಬರಲ್ಲ ಅಂಕಲ್," ಎಂದು ಅವಳು ಹೇಳಿ, ಕ್ಲಬ್ಬನ್ನು ಅವರ ಕೈಯಿಂದ ತೆಗೆದುಕೊಂಡಳು. ಆ ಹೊಡೆತವೂ ಎಡಕ್ಕೇ ಹೋಯಿತು. ಆದರೂ ಅವಳ ತಲೆ ತಗ್ಗಲಿಲ್ಲ. ಚಾಪೆ ಸುತ್ತಿಕೊಂಡು ಬಾಲ್ ಬಿದ್ದ ಕಡೆ ನಡೆದಳು.

ಆ ದಿನ ಕಾರಿನಲ್ಲಿ ಕೂತು ಅತ್ತಳು. ಹಳೆಯ ಸ್ಟೀಲನ್ನೇ ಕೊಡಿ, ಅದರಲ್ಲಿ ಕನಿಷ್ಠ ಯಾವ ಕಡೆ ಹೋಗುತ್ತೆ ಅಂತ ಗೊತ್ತಿತ್ತು ಅಂದಳು. ಅವಳ ಅಪ್ಪ ಎಂಜಿನ್ ಸ್ಟಾರ್ಟ್ ಮಾಡದೆ ಹಾಗೇ ಕೂತರು. "ಕೈ ನೋಯ್ತಿದೆಯಾ?" ಅಂದರು. ಇಲ್ಲ ಅಂದಳು. "ಹಾಗಿದ್ರೆ ನಿಂಗೆ ದಿನಾ ಅಭ್ಯಾಸ ಮಾಡೋಕೆ ಆಗುತ್ತೆ. ಆ ಸ್ಟೀಲಲ್ಲಿ ಅದೇ ಆಗ್ತಿರ್ಲಿಲ್ಲ. ಹೊಡೆಯೋಕೆ ಆಗೋದನ್ನ ತಿದ್ದಬಹುದು ಪುಟ್ಟಿ." ಸಮಾಧಾನದ ಮಾತು ಅವರು ಸಾಮಾನ್ಯವಾಗಿ ಇಷ್ಟು ಆಡುವವರಲ್ಲ. ಅವಳು ಮೂಗು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು.

ಮಾರನೆಯ ದಿನದಿಂದ ಬೆಳಿಗ್ಗೆ ಶಾಲೆಯ ಬಸ್ಸಿಗೆ ಮುಂಚೆ, ಕಟ್ಟಡದ ಹಿಂದಿನ ಖಾಲಿ ಜಾಗದಲ್ಲಿ ಬಾಲ್ ಇಲ್ಲದೆ ಬರೀ ಬೀಸುವುದನ್ನು ಶುರುಮಾಡಿದಳು. ನಿಧಾನವಾಗಿ, ಕೈಯ ಬಲ ಬಿಟ್ಟು, ಶಾಫ್ಟ್ ತಾನೇ ಬಾಗಿ ನೇರವಾಗುವಷ್ಟು ಸಮಯ ಕೊಟ್ಟು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಅವಳ ಬೆನ್ನು ನೆಟ್ಟಗಿತ್ತು. ಮಣಿಕಟ್ಟು ಮುರಿದುಕೊಂಡಿರಲಿಲ್ಲ. ಉಪ್ಪಿಟ್ಟು ತಳ ಹಿಡಿದ ದಿನಗಳೂ ಇದ್ದವು. ವಾರಗಳು ಕಳೆದ ಹಾಗೆ ಬಾಲ್ ಎಡದಿಂದ ನಡುವಿಗೆ ಬಂತು. ಒಂದು ಶುಕ್ರವಾರ ಪೂರ್ತಿ ಆಟ ಮುಗಿಸಿದರೂ ಅವಳು ಒಮ್ಮೆಯೂ ಜೇಬಿಗೆ ಕೈ ಹಾಕಿಕೊಳ್ಳಲಿಲ್ಲ.

ಆಯ್ಕೆಯ ದಿನ ಪ್ಲಾಂಟಿನ ಒಂದು ಭಾಗ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ. ಅವಳ ಅಪ್ಪನಿಗೆ ರಜೆ ಸಿಗಲಿಲ್ಲ. ಆಟದ ಲೆಕ್ಕ ಬಾರದ ನಾನೊಬ್ಬಳೇ ಜೊತೆಗೆ ಹೋದೆ. ಅದು ಹುಲ್ಲಿನ ಮೈದಾನ. ಮರಳಿಗೆ ಒಗ್ಗಿದ ನನಗೆ ಅಷ್ಟು ಹಸಿರು ನೋಡಿಯೇ ಗಾಬರಿ. ಗಾಳಿ ತಣ್ಣಗೆ ಬೀಸುತ್ತಿತ್ತು. ಹುಡುಗಿಯರಲ್ಲಿ ಹೆಚ್ಚಿನವರು ಕೋಚ್‌ಗಳ ಜೊತೆ ಬಂದಿದ್ದರು. ಮೊದಲರ್ಧದಲ್ಲಿ ಮಗಳು ಹಿಂದೆ ಬಿದ್ದಳು. ಹುಲ್ಲಿನ ಮೇಲೆ ಬಾಲ್ ಉರುಳುವ ವೇಗ ಅವಳಿಗೆ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿದ್ದದ್ದು ಒಂದೇ, ಉಳಿದವರ ಭುಜಗಳು. ಬಿಸಿಲು ಏರಿದ ಹಾಗೆ ಅವರ ಬೀಸು ಗಿಡ್ಡವಾಯಿತು, ಒಬ್ಬಳು ಪ್ರತಿ ಹೊಡೆತದ ನಂತರ ಮೊಣಕೈ ಉಜ್ಜಿಕೊಳ್ಳುತ್ತಿದ್ದಳು. ನನ್ನ ಮಗಳ ಬೀಸು ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು.

ಕೊನೆಯ ಕುಳಿಯ ಮುಂದೆ ನೀರಿನ ಹೊಂಡ. ಜೊತೆಯಲ್ಲಿ ಆಡುತ್ತಿದ್ದ ಇಬ್ಬರು ಹುಡುಗಿಯರೂ ಹೊಂಡದ ಈಚೆಗೇ ಬಾಲ್ ಇಳಿಸಿ, ಆಮೇಲೆ ದಾಟಿಸುವ ದಾರಿ ಹಿಡಿದರು. ಅವಳು ಬ್ಯಾಗಿನ ಮುಂದೆ ನಿಂತು ಗಾಳಿ ನೋಡಿದಳು, ನೀರು ನೋಡಿದಳು.

"ಅಮ್ಮ, ನಾನು ದಾಟಿಸ್ತೀನಿ."

ಅದು ಸರಿಯೋ ತಪ್ಪೋ ನನಗೆ ಗೊತ್ತಿರಲಿಲ್ಲ. "ಕೈ ಹೇಗಿದೆ?" ಅಂದೆ. ನನಗೆ ಕೇಳಲು ಬರುತ್ತಿದ್ದದ್ದು ಅದೊಂದೇ.

"ಕೈ ಚೆನ್ನಾಗಿದೆ."

"ಹಾಗಿದ್ರೆ ಹೊಡಿ."

ಬಾಲ್ ಎದ್ದು ಹೋಯಿತು. ಹೊಂಡದ ಮೇಲೆ ಅದು ನಿಂತುಬಿಟ್ಟಿತೇನೋ ಅನ್ನಿಸಿತು. ಆಚೆ ದಡದ ಹುಲ್ಲಿನ ಮೇಲೆ ಬಿದ್ದು, ಒಂದು ಸಲ ಪುಟಿದು, ಬಾವುಟದ ಕಡೆ ಉರುಳಿತು.

ತಂಡದ ಕೊನೆಯ ಜಾಗ ಅವಳಿಗೆ ಸಿಕ್ಕಿತು. ಹೆಸರು ಓದಿದಾಗ ಅವಳಿಗೆ ಕೇಳಿಸಲೇ ಇಲ್ಲ, ಪಕ್ಕದ ಹುಡುಗಿ ತಳ್ಳಿದ ಮೇಲೆ ಮುಂದೆ ಹೋದಳು. ಶುಐಬಾಕ್ಕೆ ಫೋನ್ ಮಾಡಿದೆ. ಹಿಂದೆ ಯಂತ್ರಗಳ ಗದ್ದಲ. "ಆಯ್ತು ರೀ, ಸಿಕ್ತು," ಎಂದು ಕೂಗಿದೆ. ಅವರಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಕೂಗಿದೆ. "ಕೇಳಿಸ್ತು ಕಣೆ, ಮೊದಲ ಸಲಾನೇ ಕೇಳಿಸ್ತು," ಅಂದರು. ಮಗಳು ಫೋನ್ ಕಿತ್ತುಕೊಂಡು, ನನಗೆ ಅರ್ಥವಾಗದ ಅವರಿಬ್ಬರ ಆಟದ ಭಾಷೆಯಲ್ಲಿ ಒಂದೊಂದು ಕುಳಿಯ ಕಥೆಯನ್ನೂ ಹೇಳುತ್ತ ಪಾರ್ಕಿಂಗ್ ಉದ್ದಕ್ಕೂ ನಡೆದಳು. ಬ್ಯಾಗು ನನ್ನ ಹೆಗಲಿಗೆ ಬಂತು. ಭಾರವಿತ್ತು, ಆದರೆ ಆ ಹೊತ್ತಿನಲ್ಲಿ ಅವಳನ್ನು ಕರೆಯಲು ಮನಸ್ಸು ಬರಲಿಲ್ಲ.

ಕಾರು ಹತ್ತಿದ ಮೇಲೆ ಹೊಟ್ಟೆ ಹಸಿಯುತ್ತಿದೆ, ದಾರಿಯಲ್ಲಿ ಶವರ್ಮಾ ಬೇಕು ಅಂದಳು. ತಿನ್ನುತ್ತ, ಬಾಯಿ ತುಂಬ ಇಟ್ಟುಕೊಂಡೇ, "ಅಮ್ಮ, ನೆಕ್ಸ್ಟ್ ಇಯರ್ ಮತ್ತೆ ಎಲ್ಲಾ ಶಾಫ್ಟೂ ಟೆಸ್ಟ್ ಮಾಡೋಣ. ನಾನು ಇನ್ನೂ ಸ್ಟ್ರಾಂಗ್ ಆಗ್ತೀನಿ," ಅಂದಳು.

"ಮಾಡೋಣ," ಅಂದೆ. ಸಿಗ್ನಲ್ ಹಸಿರಾಯಿತು.